ಗರಡಿಯಲ್ಲಿ ಪಳಗಿದ ಹುಡುಗನಿಗೆ ಫ್ರೀಸ್ಟೈಲ್ ಕುಸ್ತಿಯಿಂದ ಏನು ಪ್ರಯೋಜನ?

ಪ್ರಶ್ನೆ: ಕುಷ್ಟಗಿ ಕಡೆಯ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗ ನಮ್ಮೂರ ಗರಡಿಯಲ್ಲಿ ಚಿಕ್ಕಂದಿನಿಂದ ಸಾಮು ಮಾಡುತ್ತಿದ್ದಾನೆ. ಈಗ ಅವನಿಗೆ 14 ವರ್ಷ. ಜಾತ್ರೆಯ ಕಣದಲ್ಲಿ ಬೆಳ್ಳಿ ಕಡಗವನ್ನೂ ಗೆದ್ದಿದ್ದಾನೆ. ಅವನನ್ನು ಶಾಲಾ ಕ್ರೀಡಾಕೂಟದಲ್ಲಿ ಮ್ಯಾಟ್ ಮೇಲೆ ಆಡುವ ಫ್ರೀಸ್ಟೈಲ್ ವಿಭಾಗಕ್ಕೆ ಸೇರಿಸಬೇಕೆಂದು ಶಿಕ್ಷಕರು ಹೇಳುತ್ತಾರೆ. ಆದರೆ ಅಂಕ, ಗಡಿಯಾರ, ಸೀಟಿಗಳ ನಡುವೆ ಮಣ್ಣಿನ ಕುಸ್ತಿಯ ಗಟ್ಟಿತನ ಕರಗಿಹೋಗುತ್ತದೆ ಎಂಬುದು ಅವನ ವಸ್ತಾದರ (ಗರಡಿಯ ಗುರುಗಳ) ಅಭಿಪ್ರಾಯ. ಈ ನಿಯಮಗಳಿಂದ ಹುಡುಗರಿಗೆ ನಿಜವಾಗಿ ಏನು ಪ್ರಯೋಜನ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಬಳ್ಳಾರಿಯ ಕುಸ್ತಿ ತರಬೇತುದಾರ

ಸರ್, ವಸ್ತಾದರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಗಡಿಯಾರದ ವಿಷಯದಲ್ಲಿ ಅವರ ಮಾತನ್ನು ನಾನು ಒಪ್ಪಲಾರೆ. ಗರಡಿಯ ನಿಕಾಲಿ ಕುಸ್ತಿಯಲ್ಲಿ ಒಬ್ಬರು ಚಿತ್ ಆಗುವವರೆಗೆ, ಅಂದರೆ ಬೆನ್ನು ನೆಲಕ್ಕೆ ತಾಗುವವರೆಗೆ, ಸಮಯದ ಮಿತಿ ಇರುವುದಿಲ್ಲವಾದ್ದರಿಂದ, ಎದುರಾಳಿ ದಣಿಯಲೆಂದು ಕಾಯುವುದೂ ಅಲ್ಲಿ ಜಾಣತನವೇ. ಫ್ರೀಸ್ಟೈಲ್‌ನಲ್ಲಿ 15 ಮತ್ತು 17 ವರ್ಷದೊಳಗಿನವರಿಗೆ ಸಿಗುವುದು 2 ನಿಮಿಷಗಳ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. ಸುಮ್ಮನೆ ಕಾಲ ತಳ್ಳುವವನನ್ನು ರೆಫರಿ ಮೊದಲು ಎಚ್ಚರಿಸುತ್ತಾರೆ; ಅವನು ಮತ್ತೆ ಹಾಗೆಯೇ ಮಾಡಿದರೆ 30 ಸೆಕೆಂಡಿನ ಗಡುವು ಕೊಡುತ್ತಾರೆ, ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ 1 ಅಂಕ ಹೋಗುತ್ತದೆ. ಹೀಗಾಗಿ ಹುಡುಗ ತಾನಾಗಿ ಮುನ್ನುಗ್ಗುವುದನ್ನು ಕಲಿಯಲೇಬೇಕಾಗುತ್ತದೆ.

ಎದುರಾಳಿಯನ್ನು ಕೆಡವಿ ಹಿಡಿತಕ್ಕೆ ತಂದುಕೊಂಡರೆ 2 ಅಂಕ, ಬೆನ್ನು ಮ್ಯಾಟ್ ಕಡೆಗೆ ತಿರುಗುವಂತೆ ಉರುಳಿಸಿದರೆ 2, ವೃತ್ತದಾಚೆಗೆ ಕಾಲಿಡಿಸಿದರೆ 1; ಅಂತರ 10 ಅಂಕಕ್ಕೆ ಮುಟ್ಟಿದರೆ ಪಂದ್ಯ ಮುಗಿಯುತ್ತದೆ. ಚಿತ್ ಮಾಡಿದರಂತೂ ಅಂಕ ಎಷ್ಟೇ ಇರಲಿ, ಅಲ್ಲಿಗೇ ಗೆಲುವು. ಗರಡಿಯ ಮೂಲ ಗುರಿ ಇಲ್ಲಿಯೂ ಹಾಗೆಯೇ ಉಳಿದಿದೆ. 8–4ರಿಂದ ಸೋತ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಎಂಟು ಅಂಕ ಯಾವ ಯಾವ ಪಟ್ಟಿನಲ್ಲಿ ಹೋದವು ಎಂದು ತೋರಿಸಲು ನನಗೆ ಸಾಧ್ಯವಾಗುತ್ತದೆ. ತರಬೇತಿಯ ದೃಷ್ಟಿಯಿಂದ ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಕಾಣದು.

ಸುರಕ್ಷತೆಯ ಮಾತನ್ನೂ ಸೇರಿಸಬೇಕು. ಕೊರಳಿಗೆ ಕೈ ಸುತ್ತುವಾಗ ಎದುರಾಳಿಯ ಒಂದು ತೋಳೂ ಹಿಡಿತದೊಳಗೆ ಇರಲೇಬೇಕು; ಎರಡೂ ಕಂಕುಳಡಿ ಕೈ ತೂರಿಸಿ ಕತ್ತನ್ನು ಅದುಮುವ ಪಟ್ಟು ಈ ವಯಸ್ಸಿನವರಿಗೆ ನಿಷಿದ್ಧ. ಕತ್ತಿನ ಗಾಯ ಜೀವಮಾನವಿಡೀ ಕಾಡಬಲ್ಲದು, ಆದ್ದರಿಂದ ಈ ನಿಯಮಗಳನ್ನು ಗರಡಿಗಳೂ ಪಾಲಿಸಬೇಕೆಂಬುದು ನನ್ನ ಕಳಕಳಿಯ ವಿನಂತಿ.

ಉತ್ತರ: ಸಿಂಧನೂರಿನ ದೈಹಿಕ ಶಿಕ್ಷಣ ಶಿಕ್ಷಕಿ

ಜಾತ್ರೆಯಲ್ಲಿ ಹಿರಿಯರು ಕಣ್ಣಂದಾಜಿನಲ್ಲಿ ಜೋಡಿ ಕಟ್ಟುತ್ತಾರೆ. ಫ್ರೀಸ್ಟೈಲ್‌ನಲ್ಲಿ ತಕ್ಕಡಿ ಅದನ್ನು ನಿರ್ಧರಿಸುತ್ತದೆ. ಇದು ನ್ಯಾಯವೇ, ಆದರೆ ಕೆಳಗಿನ ತೂಕದಲ್ಲಿ ಆಡಿಸುವ ಆಸೆಗೆ ಮಕ್ಕಳನ್ನು ಉಪವಾಸ ಕೆಡವಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್ ದಿನ ಕೇವಲ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಅನರ್ಹರಾದರು. ತಜ್ಞರ ತಂಡವೇ ಜೊತೆಗಿದ್ದ ಕ್ರೀಡಾಪಟುವಿನ ಸ್ಥಿತಿ ಅದು. ರಾಯಚೂರು ಸೀಮೆಯ ಬಿಸಿಲಿನಲ್ಲಿ ನೀರು ಬಿಡಿಸಿ ಮಕ್ಕಳನ್ನು ಓಡಿಸುವುದು ಪ್ರಾಣಾಪಾಯದ ಕೆಲಸ. ಬೆಳೆಯುವ ಮಗು ತನ್ನ ಸಹಜ ತೂಕದಲ್ಲೇ ಆಡಲಿ.

ಹೆಣ್ಣುಮಕ್ಕಳ ಪೋಷಕರಿಗೂ ಒಂದು ಮಾತು: ಒಲಿಂಪಿಕ್ಸ್‌ನಲ್ಲಿ 2004ರಿಂದ ನಡೆಯುತ್ತಿರುವ ಮಹಿಳಾ ಕುಸ್ತಿ ಫ್ರೀಸ್ಟೈಲ್ ಪದ್ಧತಿಯದೇ ಆಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಗರಡಿಯನ್ನು ಬಿಡಿಸಬೇಕೇ?

ಉತ್ತರ: ಲಿಂಗಸುಗೂರಿನ ಹಿರಿಯ ಪೈಲ್ವಾನ

ತಮ್ಮಾ, ಬಿಡಿಸಬೇಡಿ. ಮಣ್ಣಿನ ಕುಸ್ತಿಯಲ್ಲೇ ಬೆಳೆದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಫ್ರೀಸ್ಟೈಲ್ ಕಂಚು ಗೆದ್ದರು. ದಂಡ, ಬೈಠಕ್ ಮತ್ತು ಮಟ್ಟಿ ಅಗೆಯುವುದರಿಂದ ಬರುವ ತೋಳು, ಸೊಂಟಗಳ ಕಸುವು ಮ್ಯಾಟ್ ಮೇಲೂ ಕೆಲಸಕ್ಕೆ ಬರುತ್ತದೆ. ಬದಲಾಗಬೇಕಾದದ್ದು ನಿಲುವು. ಗರಡಿಯ ಹುಡುಗರು ಸಾಮಾನ್ಯವಾಗಿ ನೆಟ್ಟಗೆ ನಿಂತು ಎದುರಾಳಿಯ ಕತ್ತಿಗೆ ಕೈ ಹಾಕುತ್ತಾರೆ. ಆಗ ಮುಂದಿನ ಮಂಡಿ ಬಯಲಾಗಿ, ಮ್ಯಾಟ್ ಹುಡುಗ ಕೆಳಗೆ ನುಗ್ಗಿ ಆ ಕಾಲನ್ನೇ ಎತ್ತಿಬಿಡುತ್ತಾನೆ. ಮಂಡಿ ಬಾಗಿಸಿ ನಿಲ್ಲುವುದನ್ನು, ಕಾಲಿಗೆ ಕೈ ಬಿದ್ದ ಕೂಡಲೇ ಎರಡೂ ಕಾಲನ್ನು ಹಿಂದಕ್ಕೆ ಚಾಚಿ ಸೊಂಟದ ಭಾರವನ್ನೆಲ್ಲ ಅವನ ಹೆಗಲ ಮೇಲೆ ಹೇರುವುದನ್ನು ದಿನವೂ ಅಭ್ಯಾಸ ಮಾಡಿಸಬೇಕು. ಮುಂಜಾನೆ ಗರಡಿ, ಸಂಜೆ ಮ್ಯಾಟ್ ಎಂದು ಶುರು ಮಾಡಿ. ಸ್ಪರ್ಧೆ ಹತ್ತಿರ ಬಂದಾಗ ಮ್ಯಾಟ್ ಅಭ್ಯಾಸವನ್ನು ಹೆಚ್ಚಿಸಿ. ವಸ್ತಾದರನ್ನೂ ಒಂದು ದಿನ ಮ್ಯಾಟ್ ಹತ್ತಿರ ಕರೆದೊಯ್ಯಿರಿ.