ಲವ್ ಬರ್ಡ್ಸ್ ಪಂಜರಕ್ಕೆ ಬೆಕ್ಕಿನ ಕಾಟ, ಸಹಾಯ ಬೇಕು

ಮೈಸೂರಿನ ನಮ್ಮ ಮನೆ ತಾರಸಿ ಮೇಲೆ ದೊಡ್ಡ ಪಂಜರ ಕಟ್ಟಿಸಿ ಬಡ್ಜಿಗಳನ್ನು (ಎಲ್ಲರೂ ಲವ್ ಬರ್ಡ್ಸ್ ಅಂತಾರಲ್ಲ, ಅವೇ) ಸಾಕಿದ್ದೇವೆ. ರಾತ್ರಿ ಬೀದಿ ಬೆಕ್ಕುಗಳು ಬಂದು ಜಾಲರಿಗೆ ಜೋತುಬೀಳುತ್ತವೆ. ಅರ್ಧ ಇಂಚಿನ ಮೆಶ್, ಒಳಗೆ ಬರೋಕೆ ಆಗಲ್ಲ, ಆದರೆ ಹಕ್ಕಿಗಳು ಕತ್ತಲಲ್ಲಿ ಗಾಬರಿಯಾಗಿ ಹಾರಿ ಬಡಿದುಕೊಳ್ಳುತ್ತವೆ, ಮೆಶ್‌ಗೆ ಅಂಟಿಕೊಂಡಿದ್ದ ಒಂದರ ಕಾಲಿಗೆ ಉಗುರು ತಾಗಿ ರಕ್ತವೂ ಬಂತು. ಕಿತ್ತಳೆ ಸಿಪ್ಪೆ ಹಾಕಿದೆ, ಬೆಕ್ಕು ಮೂಸಿ ನೋಡಿ ಪಕ್ಕದಲ್ಲೇ ಮಲಗಿತು! ಸಣ್ಣ ಲೈಟ್ ಹಾಕಿಟ್ಟ ಮೇಲೆ ಬಡಿದುಕೊಳ್ಳುವುದು ಸ್ವಲ್ಪ ಕಡಿಮೆ. ಟಾರ್ಪಾಲು ಮುಚ್ಚಿದರೆ ಗಾಳಿ ಆಡಲ್ಲ. ವಿಷ, ಬೋನಿನ ಮಾತು ಬೇಡವೇ ಬೇಡ.

ಹೊರಗಡೆ ಇನ್ನೊಂದು ಪದರ ಮೆಶ್ ಹಾಕಿಸೋಣ ಅಂತಿದ್ದೇನೆ. ವೆಲ್ಡಿಂಗ್‌ನವರು ಒಂದು ಇಂಚು ಅಂತರ ಸಾಕು ಅಂತಾರೆ. ಉಗುರು ಅಷ್ಟು ದೂರ ಚಾಚಲ್ವಾ? ಡಬಲ್ ಮೆಶ್ ಹಾಕಿಸಿದವರು ದಯವಿಟ್ಟು ಹೇಳಿ, ಎಷ್ಟು ಅಂತರ ಬಿಟ್ಟಿದ್ದೀರಿ? ಮೇಲ್ಭಾಗಕ್ಕೂ ಎರಡು ಪದರ ಬೇಕಾ?