ಸಹಾಯ ಬೇಕು: ಹೊಸ ಕೂಲಂಟ್‌ಗೆ ತುಕ್ಕು ತಡೆಯುವ ಬಾಟಲಿ ಬೇರೆ ಹಾಕಬೇಕಾ?

ನಮಸ್ಕಾರ. ನಮ್ಮದು ಕಾರವಾರ, 2012ರ ಪೆಟ್ರೋಲ್ ಕಾರು. ಹೋದ ವಾರ ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿತು. ಬದಿಗೆ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಚಹಾ ಬಣ್ಣದ ನೀರು, ಮುಚ್ಚಳದ ರಬ್ಬರಿಗೆಲ್ಲ ಕೆಸರು ಮೆತ್ತಿತ್ತು. ತಪ್ಪು ನನ್ನದೇ. ಎರಡು ವರ್ಷದಿಂದ ಕಡಿಮೆಯಾದಾಗೆಲ್ಲ ಮನೆ ಬಾವಿ ನೀರನ್ನೇ ಹಾಕುತ್ತಿದ್ದೆ. ಬೇಸಿಗೆಯಲ್ಲಿ ಅದು ಉಪ್ಪುಪ್ಪು, ಆ ಉಪ್ಪೇ ಅಲ್ಯೂಮಿನಿಯಂ ತಿನ್ನುತ್ತದೆ ಅಂತ ಈಗ ಗೊತ್ತಾಯ್ತು.

ಮೂರು ಸಲ ಡಿಸ್ಟಿಲ್ಡ್ ವಾಟರ್‌ನಲ್ಲಿ ಫ್ಲಶ್ ಮಾಡಿಸಿದೆ. ನೀರು ಬೆರೆಸಿಯೇ ಬರುವ ಕೆಂಪು ಓಎಟಿ (ಆರ್ಗ್ಯಾನಿಕ್ ಆಸಿಡ್ ಟೆಕ್ನಾಲಜಿ) ಕೂಲಂಟ್ ತಂದಿದ್ದೇನೆ. ಆದರೆ ಮೆಕ್ಯಾನಿಕ್ ಅಣ್ಣ ಇದರ ಜೊತೆ ಒಂದು ಸಣ್ಣ ಬಾಟಲಿ ಕರೋಷನ್ ಇನ್ಹಿಬಿಟರ್ ಹಾಕಲೇಬೇಕು ಅನ್ನುತ್ತಾರೆ. ಅದರ ಮೇಲೆ ಸಿಲಿಕೇಟ್, ನೈಟ್ರೈಟ್ ಅಂತಿದೆ, ಅಂದ್ರೆ ತುಕ್ಕು ತಡೆಯುವ ಬೇರೆ ಜಾತಿಯ ಕೆಮಿಕಲ್. ಓಎಟಿಯಲ್ಲಿ ಆರ್ಗ್ಯಾನಿಕ್ ಆಸಿಡ್ ಇನ್ಹಿಬಿಟರ್ ಮೊದಲೇ ಇರುತ್ತದೆ ಅಲ್ವಾ? ಬೇರೆ ಬೇರೆ ಜಾತಿಯದ್ದು ಬೆರೆಸಿದರೆ ಗಂಜಿ ತರ ಗಟ್ಟಿಯಾಗಿ ರೇಡಿಯೇಟರ್ ಕಟ್ಟಿಕೊಳ್ಳಬಹುದು ಅಂತ ಓದಿ ಸುಮ್ನೆ ಕೂತಿದ್ದೇನೆ.

ಇನ್ನೊಂದು ತಲೆಬಿಸಿ, ಬಸಿದ ಹಳೇದು ಕ್ಯಾನಿನಲ್ಲಿದೆ. ಅಮ್ಮ ತೆಂಗಿನ ಬುಡಕ್ಕೆ ಹೊಯ್ಯಿ ಅಂದ್ರು, ನಾನು ಬಿಡಲಿಲ್ಲ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತದೆ, ನೆಕ್ಕಿದರೆ ಕಿಡ್ನಿಯೇ ಹೋಗುತ್ತದೆ, ಮನೆಯಲ್ಲಿ ಎರಡು ಬೆಕ್ಕಿವೆ.

ಗೊತ್ತಿದ್ದವರು ಹೇಳಿ: ಓಎಟಿಗೆ ಆ ಬಾಟಲಿ ಹಾಕಲಾ, ಬಿಡಲಾ? ಕಾರವಾರದ ಕಡೆ ಹಳೆ ಕೂಲಂಟ್ ಯಾರಾದರೂ ತಗೊಳ್ತಾರಾ?