ಎಸರು ಯಾಕೆ ಕುದಿಯಲೇಬೇಕು? ಅಡುಗೆಮನೆಯ ಪ್ರಶ್ನೆಗಳಿಗೆ ಒಂದು ಭಾನುವಾರ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಆಹಾರ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಈ ಭಾನುವಾರ ಅಡ್ಮಿನ್ ನನ್ನನ್ನು ಹಿಡಿದು ಕೂರಿಸಿದ್ದಾರೆ. ಅಡುಗೆಮನೆಯ ಬಗ್ಗೆ ಏನು ಬೇಕಾದರೂ ಕೇಳಿ. ಷರತ್ತು ಒಂದೇ: ನಾನು ಹೇಳಿದೆ ಅಂತ ಸುಮ್ನೆ ನಂಬಬೇಡಿ. ಆದಷ್ಟು ಕಡೆ ಮನೆಯಲ್ಲೇ ಮಾಡಿ ನೋಡುವ ಪರೀಕ್ಷೆ ಹೇಳುತ್ತೇನೆ. ಮಾಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ.

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಮೇಡಂ, ಕೆಲಸಕ್ಕೆ ಅಂತ ರೂಮು ಮಾಡಿಕೊಂಡು ಇದ್ದೇನೆ. ಚಪಾತಿ ಹೇಗೋ ಬರುತ್ತದೆ. ಜೋಳದ ರೊಟ್ಟಿ ಮಾತ್ರ ಎತ್ತುವಾಗಲೇ ಹರಿಯುತ್ತದೆ. ಫೋನ್ ಮಾಡಿದರೆ ಅವ್ವ "ಎಸರು ಕುದಿಸಿ ಹಾಕು" ಅನ್ನುತ್ತಾಳೆ. ಚಪಾತಿಗೆ ತಣ್ಣೀರು ನಡೆಯುತ್ತದೆ, ರೊಟ್ಟಿಗೆ ಯಾಕೆ ಕುದಿಯುವ ನೀರು?

ಉತ್ತರ: ಅವ್ವ ಹೇಳಿದ್ದು ಸರಿ ತಮ್ಮಾ. ಗೋದಿಹಿಟ್ಟನ್ನು ನೀರು ಹಾಕಿ ನಾದಿದರೆ ಅದರ ಪ್ರೋಟೀನುಗಳು ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ. ಅದೇ ಗ್ಲೂಟೆನ್. ಎಳೆದರೆ ಹಿಗ್ಗುತ್ತದೆ, ಹರಿಯುವುದಿಲ್ಲ. ಜೋಳದಲ್ಲಿ ಗ್ಲೂಟೆನ್ ಇಲ್ಲ. ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಅದು ನೀರಿಗೆ ಸೇರುವುದೇ ಇಲ್ಲ. ರಟ್ಟೆ ಬೀಳುವ ತನಕ ನಾದಿದರೂ ಬಲೆ ಕಟ್ಟುವುದಿಲ್ಲ.

ಹಾಗಾದರೆ ರೊಟ್ಟಿಯನ್ನು ಹಿಡಿದಿಡುವುದು ಏನು? ಪಿಷ್ಟ. ಜೋಳದ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಗೋಡೆಗೆ ಪೋಸ್ಟರ್ ಹಚ್ಚಲು ಮೈದಾ ಕುದಿಸಿ ಅಂಟು ಮಾಡುತ್ತಾರಲ್ವಾ, ಅದೇ ಕೆಲಸ ಪರಾತದಲ್ಲಿ ನಡೆಯುತ್ತದೆ. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದಾಗ ಒಂದು ಪಾಲು ಹಿಟ್ಟು ಬೆಂದು ಅಂಟಾಗುತ್ತದೆ. ಉಳಿದ ಹಸಿ ಹಿಟ್ಟನ್ನು ಆ ಅಂಟು ಹಿಡಿದುಕೊಳ್ಳುತ್ತದೆ. ಹಿಟ್ಟಿಗೆ ಜಿಗಿ ಬಂತು ಅನ್ನುವುದು ಇದಕ್ಕೇ.

ಇನ್ನೊಂದು ಮಾತು. ಚಪಾತಿ ಹಿಟ್ಟು ನೆನೆದಷ್ಟೂ ಮೆತ್ತಗಾಗುತ್ತದೆ. ರೊಟ್ಟಿ ಹಿಟ್ಟು ಹಾಗಲ್ಲ. ಆರುತ್ತಾ ಹೋದಂತೆ ಬೆಂದ ಪಿಷ್ಟ ಮತ್ತೆ ಬಿಗಿಯಾಗುತ್ತದೆ. ಅದಕ್ಕೇ ಪ್ರತಿ ಉಂಡೆಯನ್ನೂ ಬಡಿಯುವ ಮುಂಚೆ ಮತ್ತೊಮ್ಮೆ ನಾದುವುದು. ಬೆಳಗಿನ ಮೆತ್ತನೆ ರೊಟ್ಟಿ ಸಂಜೆಗೆ ಬಿರುಸಾಗುವುದರ ಹಿಂದೆಯೂ ಇದೇ ಇದೆ. ಖಡಕ್ ರೊಟ್ಟಿಯ ಕಥೆ ಬೇರೆ. ಅದರಲ್ಲಿ ನೀರೇ ಆರಿ ಹೋಗಿರುತ್ತದೆ, ಬೂಸ್ಟು ಬೆಳೆಯಲು ಜಾಗವಿಲ್ಲ.

ಪರೀಕ್ಷೆ: ಎರಡು ಬಟ್ಟಲಲ್ಲಿ ಒಂದೊಂದು ಹಿಡಿ ಹಿಟ್ಟು ತಗೋ. ಒಂದಕ್ಕೆ ತಣ್ಣೀರು, ಒಂದಕ್ಕೆ ಎಸರು. ಎರಡನ್ನೂ ನಾದಿ ಬಡಿದು ನೋಡು. ನನಗೇನೋ ನೀನು ಗೀಸರ್ ನೀರು ಹಾಕುತ್ತಿದ್ದೀಯ ಅಂತ ಅನುಮಾನ.

ಅದೇ ಹುಡುಗ: ಗೀಸರ್ ಅಲ್ಲ ಮೇಡಂ, ಕೆಟಲ್. ಆದರೆ ನೀರು ಕಾಯಿಸಿಟ್ಟು ಸ್ನಾನಕ್ಕೆ ಹೋಗುತ್ತಿದ್ದೆ.

ಉತ್ತರ: ಸಿಕ್ಕಿತಲ್ಲ ಕಳ್ಳ!

ನಡುವೆ ಒಬ್ಬರು (ನರಗುಂದ): ಮತ್ತೆ ಹಂಚಿನ ಮೇಲೆ ಹಾಕಿದ ಮೇಲೆ ಅರಿವೆಯಿಂದ ನೀರು ಹಚ್ಚುವುದು ಯಾಕ್ರೀ?

ಉತ್ತರ: ಬಡಿಯುವಾಗ ಉದುರಿಸಿದ ಒಣ ಹಿಟ್ಟು ಮೇಲೆ ಕೂತಿರುತ್ತದೆ. ನೀರು ಅದನ್ನು ಒದ್ದೆ ಮಾಡಿ ರೊಟ್ಟಿಗೆ ಅಂಟಿಸುತ್ತದೆ. ಮೇಲ್ಪದರ ಬೇಗ ಒಣಗಿ ಬಿರಿಯುವುದೂ ತಪ್ಪುತ್ತದೆ. ಬಿರಿದರೆ ಉಗಿ ಹೊರಗೆ ಓಡುತ್ತದೆ, ರೊಟ್ಟಿ ಉಬ್ಬುವುದಿಲ್ಲ.

ಪ್ರಶ್ನೆ (ಹಾವೇರಿ): ಅಕ್ಕಾರೇ, ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ಬೆಂಗಳೂರಿನ ಗೆಳತಿಗೆ ಕಳಿಸಿದ್ದೆ. ಬಣ್ಣ ನೋಡಿಯೇ ಹೆದರಿ ಅರ್ಧ ಹಾಕಿದಳಂತೆ. ತಿಂದರೆ ಸಾರಿಗೆ ಖಾರವೇ ಇಲ್ಲ. ಜಾಸ್ತಿ ಕೆಂಪಿದ್ದರೆ ಜಾಸ್ತಿ ಖಾರ ಇರಬೇಕಲ್ವಾ?

ಉತ್ತರ: ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಕೆಂಪು ಬೇರೆ, ಖಾರ ಬೇರೆ. ಕೆಂಪು ಕೊಡುವುದು ಕ್ಯಾಪ್ಸಾಂಥಿನ್ ಎಂಬ ಬಣ್ಣ, ಗಜ್ಜರಿಯ ಬಣ್ಣದ ಬಳಗದ್ದು. ಅದು ಕಾಯಿಯ ಸಿಪ್ಪೆ, ತಿರುಳಿನಲ್ಲಿ ಇರುತ್ತದೆ. ಖಾರ ಕೊಡುವುದು ಕ್ಯಾಪ್ಸೈಸಿನ್. ಅದು ಹುಟ್ಟುವುದು ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ಭಾಗದಲ್ಲಿ. ಬೀಜವೇ ಖಾರ ಅನ್ನುವುದು ತಪ್ಪು. ಪಕ್ಕದ ಬಿಳಿ ಭಾಗ ಮೆತ್ತಿಕೊಂಡು ಬೀಜಕ್ಕೆ ಆ ಹೆಸರು ಬಂದಿದೆ, ಅಷ್ಟೇ. ಬ್ಯಾಡಗಿ ತಳಿಯಲ್ಲಿ ಬಣ್ಣ ತುಂಬಾ ಜಾಸ್ತಿ, ಖಾರ ಕಡಿಮೆ. ಕಡ್ಡಿ, ಡಬ್ಬಿ ಅಂತ ಎರಡು ಬಗೆ ನಿಮಗೆ ಗೊತ್ತೇ ಇದೆ. ಕುಳ್ಳಗೆ, ದಪ್ಪಗೆ, ಸುಕ್ಕು ಸುಕ್ಕಾಗಿರುವ ಡಬ್ಬಿಗೆ ಬಣ್ಣದ ಹೆಸರು ಇನ್ನೂ ದೊಡ್ಡದು. ಇದರಿಂದ ತೆಗೆದ ಬಣ್ಣದ ಎಣ್ಣೆ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ ತನಕ ಹೋಗುತ್ತದೆ. 2011ರಲ್ಲಿ ಈ ಮೆಣಸಿನಕಾಯಿಗೆ ಜಿಐ, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಖಾರ ನಾಲಿಗೆಯ ರುಚಿಯೂ ಅಲ್ಲ. ಉಪ್ಪು, ಹುಳಿ, ಸಿಹಿಯ ಸಾಲಿಗೆ ಅದು ಸೇರುವುದಿಲ್ಲ. ಬಿಸಿ ಮುಟ್ಟಿದಾಗ ಎಚ್ಚರಿಸುವ ನರಗಳನ್ನೇ ಕ್ಯಾಪ್ಸೈಸಿನ್ ಮುಟ್ಟುತ್ತದೆ. ಬಾಯಿ ಸುಟ್ಟಿತು ಅನ್ನುವ ಮಾತು ಅದಕ್ಕೇ ಇಷ್ಟು ಸರಿಯಾಗಿದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಗಿಳಿಗಳಿಗೆ ಖಾರ ಹತ್ತುವುದಿಲ್ಲ. ಹಕ್ಕಿಗಳ ಆ ನರಕ್ಕೆ ಕ್ಯಾಪ್ಸೈಸಿನ್ ಗೊತ್ತಾಗುವುದಿಲ್ಲ.

ಬಣ್ಣ, ಖಾರ ಎರಡೂ ಎಣ್ಣೆಗೆ ಕರಗುತ್ತವೆ, ನೀರಿಗೆ ಸೇರುವುದಿಲ್ಲ. ಮಿರ್ಚಿ ಬಜಿ ತಿಂದು ನೀರು ಕುಡಿದರೆ ಉರಿ ಬಾಯಿ ತುಂಬಾ ಹರಡುತ್ತದೆ ಅಷ್ಟೇ. ಮೊಸರು ತಿನ್ನಿ. ಹಾಲಿನ ಪ್ರೋಟೀನು ಖಾರವನ್ನು ಹಿಡಿದು ಒಯ್ಯುತ್ತದೆ. ರಂಜಕದ (ಕೆಂಪು ಮೆಣಸಿನಕಾಯಿ ಚಟ್ನಿಯ) ಜೊತೆ ಬೆಣ್ಣೆ ಇಡುವವರು ದಡ್ಡರಲ್ಲ.

ಪರೀಕ್ಷೆ: ಒಂದು ಲೋಟ ನೀರಿನ ಮೇಲೆ ಚಿಟಿಕೆ ಖಾರಪುಡಿ ಉದುರಿಸಿ. ಕೆಂಪು ಗೆರೆಗಳು ಸರಸರನೆ ಕೆಳಗೆ ಇಳಿದರೆ ಅದು ಹಾಕಿದ ಬಣ್ಣ, ಮೆಣಸಿನಕಾಯಿಯದ್ದಲ್ಲ. ಎಣ್ಣೆಗೆ ಕರಗುವ ಕಲಬೆರಕೆ ಬಣ್ಣ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದಕ್ಕೇ ನಾನು ಕಾಯಿ ತಂದು, ತೊಟ್ಟು ಬಿಡಿಸಿ, ಗಿರಣಿಗೆ ಹಾಕಿಸುತ್ತೇನೆ. ಪುಡಿಯನ್ನು ಬೆಳಕು ಬೀಳದ ಡಬ್ಬಿಯಲ್ಲಿಡಿ. ಬೆಳಕು, ಗಾಳಿ ಎರಡೂ ಈ ಕೆಂಪನ್ನು ತಿಂದು ಹಾಕುತ್ತವೆ.

ಪ್ರಶ್ನೆ (ಗದಗ): ಮೆಣಸಿನಕಾಯಿ ಪೋರ್ಚುಗೀಸರು ತಂದದ್ದು ಅಂತ ಓದಿದ್ದೆ. ಹಾಗಾದರೆ ಹಿಂದಿನವರು ಸಪ್ಪೆ ಊಟ ಮಾಡುತ್ತಿದ್ದರಾ?

ಉತ್ತರ: ಸಪ್ಪೆ ಯಾಕ್ರೀ, ಕರಿಮೆಣಸು ಇತ್ತಲ್ಲ. ಹೆಸರಲ್ಲೇ ಗುರುತು ಉಳಿದಿದೆ. ಮೆಣಸು ಮೊದಲೇ ನಮ್ಮದು. ಆಮೇಲೆ ಬಂದ ಹೊಸ ಖಾರದ ಕಾಯಿಗೆ ಮೆಣಸಿನಕಾಯಿ ಅಂದರು. ಅದರ ತವರು ಅಮೆರಿಕ ಖಂಡ, ಇಲ್ಲಿಗೆ ಬಂದದ್ದು 16ನೇ ಶತಮಾನದಲ್ಲಿ. ನಿಮ್ಮ ಪಕ್ಕದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ದಾನಚಿಂತಾಮಣಿ ಅನ್ನಿಸಿಕೊಂಡ ಆ ತಾಯಿ ಕೆಂಪು ಚಟ್ನಿಯನ್ನು ಕಂಡವಳೇ ಅಲ್ಲ. ಜೋಳ ಮಾತ್ರ ಆಕೆಯ ಕಾಲಕ್ಕೆ ಇಲ್ಲಿ ಹಳೆಯದಾಗಿತ್ತು. ಅದೂ ಆಫ್ರಿಕಾದಿಂದ ಬಂದದ್ದೇ, ಆದರೆ ಸಾವಿರಾರು ವರ್ಷ ಹಿಂದೆ. ಹಳಗನ್ನಡದಲ್ಲಿ ಜೋಳವಾಳಿ ಅನ್ನುವ ಮಾತಿದೆ. ಒಡೆಯನ ಜೋಳ ತಿಂದ ಋಣ ಅಂತ ಅರ್ಥ. ರೊಟ್ಟಿ, ರಂಜಕ ಹುಟ್ಟಿದಾಗಿನಿಂದ ಜೋಡಿ ಅಂದುಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ಇದು ತಡವಾಗಿ ಆದ ಮದುವೆ.

ಪ್ರಶ್ನೆ (ಗದಗದಿಂದಲೇ ಇನ್ನೊಬ್ಬರು): ಬೋರ್ ನೀರಿನಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ. ಸೋಡಾ ಹಾಕಲಾ?

ಉತ್ತರ: ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದು ಬಿಗಿ ಮಾಡುತ್ತದೆ. ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ. ನೆನೆಸಿಡಿ, ಕುಡಿಯುವ ನೀರು ಹಾಕಿ, ಹುಣಸೆಹುಳಿಯನ್ನು ಬೆಂದ ಮೇಲೆ ಹಾಕಿ.

ಪ್ರಶ್ನೆ (ಸಪ್ತಾಪುರ, ಧಾರವಾಡ): ಬೇರೆ ಊರಿನ ಪೇಡೆ ಬೆಳ್ಳಗೆ, ನಮ್ಮದು ಕಂದು. ಸಕ್ಕರೆ ಸುಟ್ಟು ಹಾಕುತ್ತಾರೆ ಅನ್ನುತ್ತಾರೆ ನಮ್ಮ ಮಾವ. ಹೌದಾ?

ಉತ್ತರ: ಮಾವನವರಿಗೆ ನಮಸ್ಕಾರ ಹೇಳಿ, ಪೂರ್ತಿ ಸರಿಯಲ್ಲ ಅಂತಲೂ ಹೇಳಿ. ಖವಾವನ್ನು ಬಹಳ ಹೊತ್ತು ಕೆದಕುತ್ತಾ ಹುರಿದಾಗ ಹಾಲಿನ ಸಕ್ಕರೆ ಮತ್ತು ಹಾಲಿನ ಪ್ರೋಟೀನು ಒಂದಕ್ಕೊಂದು ಸೇರಿ ಕಂದು ಬಣ್ಣ, ಆ ಘಮ ಎರಡನ್ನೂ ಹುಟ್ಟಿಸುತ್ತವೆ. ಇದಕ್ಕೆ ಮೈಯಾರ್ ಕ್ರಿಯೆ ಅಂತ ಹೆಸರು. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಇದನ್ನು ಬರೆದದ್ದು 1912ರಲ್ಲಿ. ಖಾರ ಅಳೆಯುವ ಸ್ಕೋವಿಲ್ ಪರೀಕ್ಷೆ ಹುಟ್ಟಿದ್ದೂ ಅದೇ 1912ರಲ್ಲಿ, ಅಮೆರಿಕದಲ್ಲಿ. ಧಾರವಾಡದ ಪೇಡೆ, ಹಾವೇರಿಯ ಬ್ಯಾಡಗಿ ಕಾಯಿ, ನಮ್ಮ ಎರಡು ಜಿಲ್ಲೆಗಳ ಹೆಮ್ಮೆಗೆ ಒಂದೇ ವರ್ಷ ಲೆಕ್ಕ ಸಿಕ್ಕಿತು ಅಂತ ಕ್ಲಾಸಿನಲ್ಲಿ ತಮಾಷೆ ಮಾಡುತ್ತಿದ್ದೆ.

ಪರೀಕ್ಷೆ: ಸಕ್ಕರೆ ಹಾಕದ ಹಾಲನ್ನು ಸಣ್ಣ ಉರಿಯಲ್ಲಿ ಎರಡು, ಮೂರು ತಾಸು ಇಡಿ. ಕುಳ್ಳಿನ ಒಲೆಯ ಮೇಲೆ ಕಾಯ್ದ ಹಾಲಿನ ಹಾಗೆ ಕೆಂಪಗಾಗುತ್ತದೆ. ಸುಡಲು ಅಲ್ಲಿ ಸಕ್ಕರೆ ಹಾಕಿಯೇ ಇಲ್ಲವಲ್ಲ.

ಮೊದಲ ಹುಡುಗ (ರಾತ್ರಿ 9:40): ಮೇಡಂ, ಪರೀಕ್ಷೆ ಮಾಡಿದೆ. ತಣ್ಣೀರಿನ ಉಂಡೆ ಬಡಿಯುತ್ತಿದ್ದಂತೆ ಅಂಚೆಲ್ಲಾ ಸೀಳಿ ಪುಡಿಯಾಯಿತು. ಎಸರಿನದು ಎತ್ತಲು ಬಂತು! ಹಂಚಿಗೂ ಬಿತ್ತು. ಆದರೆ ಅರ್ಧ ಮಾತ್ರ ಉಬ್ಬಿತು.

ಉತ್ತರ: ಉಬ್ಬದ ಕಡೆ ಅಂಚು ನೋಡು, ಸಣ್ಣ ಬಿರುಕು ಇರುತ್ತದೆ. ಉಗಿ ಅಲ್ಲಿಂದಲೇ ಹೋಗಿದೆ. ಬಡಿಯುವಾಗ ಇನ್ನೊಂದು ಕೈಯಿಂದ ಅಂಚನ್ನು ಒಳಗೆ ಒತ್ತುತ್ತಾ ತಿರುಗಿಸು. ಮತ್ತೆ ಸ್ನಾನ ಮೊದಲು, ಕೆಟಲ್ ಆಮೇಲೆ.